ಆಲ್ಡರ್ಲಿ ಗುಡ್ಡದಲ್ಲಿ ಒಂದು ದಿನ

ಮಕ್ಕಳ ಮನೆಗೆಂದು ಇಂಗ್ಲೆಂಡಿಗೆ ಹೋಗಿ ಬಂದ ನಮ್ಮ ಸಂಘದ ಸದಸ್ಯರು ಲಂಡನ್ನಿನ ಗೋಪುರ, ಬಕಿಂಗ್‌ಹ್ಯಾಮ್ ಅರಮನೆ, ಷೇಕ್ಸ್‌ಪಿಯರನ ಮನೆ ಇವುಗಳ ಬಗ್ಗೆ ಈ ಪುಟಗಳಲ್ಲಿ ಸೊಗಸಾಗಿ ಬರೆದಿದ್ದಾರೆ. ನಾನೂ ಅವುಗಳಲ್ಲಿ ಕೆಲವನ್ನು ನೋಡಿದೆ, ಫೋಟೋ ತೆಗೆಸಿಕೊಂಡೆ. ಆದರೆ ಮುಂಬಯಿಗೆ ಮರಳಿ ಇಷ್ಟು ದಿನಗಳಾದ ಮೇಲೂ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿರುವಾಗ ಥಟ್ಟನೆ ಕಣ್ಣ ಮುಂದೆ ಬಂದು ನಿಲ್ಲುವುದು ಅವು ಯಾವುವೂ ಅಲ್ಲ. ನಮ್ಮ ಪ್ರವಾಸ ಕಂಪನಿಗಳ ಪಟ್ಟಿಯಲ್ಲಿ ಹೆಸರೇ ಇಲ್ಲದ ಒಂದು ಗುಡ್ಡ. ಅದರ ಹೆಸರು ಆಲ್ಡರ್ಲಿ ಎಡ್ಜ್. ಅಲ್ಲಿಗೆ ನನ್ನನ್ನು ಕರೆದುಕೊಂಡು ಹೋದವನು ಹತ್ತು ವರ್ಷದ ಮೊಮ್ಮಗ. ಅವನನ್ನು ಅಲ್ಲಿಗೆ ಕರೆದುಕೊಂಡು ಹೋದದ್ದು ಒಂದು ಪುಸ್ತಕ.

ಮಗಳ ಸಂಸಾರ ಇರುವುದು ಮ್ಯಾಂಚೆಸ್ಟರ್ ನಗರದ ಅಂಚಿನಲ್ಲಿ. ನಾನು ಹೋದಾಗ ಅಲ್ಲಿ ಬೇಸಿಗೆ ರಜೆ. ಅಳಿಯನಿಗೂ ಮಗಳಿಗೂ ಕೆಲಸ. ಹಾಗಾಗಿ ಮನೆಯಲ್ಲಿ ಉಳಿಯುತ್ತಿದ್ದವರು ನಾನು ಮತ್ತು ಪುಟ್ಟ. ಅವನಿಗೆ ಕನ್ನಡ ಅರ್ಥವಾಗುತ್ತದೆ. "ಊಟಕ್ಕೆ ಬಾ", "ಕೈ ತೊಳಿ", "ಟಿ.ವಿ. ಸಾಕು" ಇಷ್ಟಕ್ಕೆ ತೊಂದರೆಯಿಲ್ಲ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನನ್ನನ್ನು ಕರೆಯುವ 'ಅಮ್ಮಮ್ಮ' ಎಂಬ ಒಂದು ಶಬ್ದ ಮಾತ್ರ ಅಪ್ಪಟ ಕುಂದಾಪುರದ್ದು, ಅದನ್ನು ಮಗಳೇ ಹಠ ಹಿಡಿದು ಕಲಿಸಿದ್ದಾಳೆ.

ಅವನು ಆಗ ಓದುತ್ತಿದ್ದ ಪುಸ್ತಕ 'ದಿ ವಿಯರ್ಡ್‌ಸ್ಟೋನ್ ಆಫ್ ಬ್ರಿಸಿಂಗಮೆನ್'. ಬರೆದವರು ಅಲನ್ ಗಾರ್ನರ್. ಮೊದಲು ಅಚ್ಚಾದದ್ದು 1960ರಲ್ಲಿ. ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದ ನನಗೆ ವರ್ಡ್ಸ್‌ವರ್ತ್, ಡಿಕನ್ಸ್, ಜೇನ್ ಆಸ್ಟೆನ್ ಗೊತ್ತು. ಈ ಗಾರ್ನರ್ ಗೊತ್ತಿರಲಿಲ್ಲ. ಮಕ್ಕಳ ಪುಸ್ತಕವಲ್ಲವೇ, ಒಂದು ಮಧ್ಯಾಹ್ನದಲ್ಲಿ ಮುಗಿಸಿಬಿಡೋಣ ಎಂದು ಕೈಗೆತ್ತಿಕೊಂಡೆ. ಮೂರನೆಯ ದಿನವೂ ಓದುತ್ತಿದ್ದೆ, ಅದೂ ಬಾಗಿಲ ಚಿಲಕ ಹಾಕಿದ್ದೇನೆಯೇ ಎಂದು ಎರಡೆರಡು ಸಲ ನೋಡಿಕೊಂಡು!

ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಕಾಲಿನ್ ಮತ್ತು ಸೂಸನ್ ಎಂಬ ಅಣ್ಣತಂಗಿ ಆಲ್ಡರ್ಲಿ ಗುಡ್ಡದ ಬಳಿಯ ಒಂದು ಹೊಲಮನೆಗೆ ಬರುತ್ತಾರೆ. ಆ ಮನೆಯ ಯಜಮಾನ ಗೌದರ್ ಮೊಸಕ್, ಯಜಮಾನಿ ಬೆಸ್. ಬೆಸ್ ಒಂದು ಕಾಲದಲ್ಲಿ ಈ ಮಕ್ಕಳ ತಾಯಿಯನ್ನು ಎತ್ತಿ ಆಡಿಸಿದ ದಾದಿ. ತನ್ನ ಮನೆತನದಲ್ಲಿ ತಾಯಿಯಿಂದ ಮಗಳಿಗೆ ಬಂದ ಒಂದು ಹರಳನ್ನು ಬೆಸ್ ಆ ತಾಯಿಗೆ ಕೊಟ್ಟಿದ್ದಳು. ಅದೀಗ ಸೂಸನ್ನಳ ಕೈಬಳೆಯಲ್ಲಿದೆ. ಅದು ಏನೆಂಬುದು ಯಾರಿಗೂ ಗೊತ್ತಿಲ್ಲ. ಗುಡ್ಡದ ಒಳಗೆ 140 ವೀರರು ಬೆಳ್ಳಿಯ ಕವಚ ತೊಟ್ಟು ನಿದ್ರಿಸುತ್ತಿದ್ದಾರೆ, ಅವರನ್ನು ಕಾಯುವ ಮಂತ್ರಶಕ್ತಿ ಇರುವುದು ಆ ಹರಳಿನಲ್ಲಿಯೇ. ಕಾವಲಿಗಿರುವ ವೃದ್ಧ ಮಾಂತ್ರಿಕ ಕ್ಯಾಡೆಲಿನ್ ಅದನ್ನು ಕಳೆದುಕೊಂಡು ಹುಡುಕುತ್ತಿದ್ದಾನೆ. ಕೆಟ್ಟ ಶಕ್ತಿಗಳೂ ಹುಡುಕುತ್ತಿವೆ. ಸ್ವಾರ್ಟ್ ಎಂಬ ಕುಳ್ಳ ಪಿಶಾಚಿಗಳು ಬಂಡೆಯ ಬಿರುಕುಗಳಿಂದ ಹೊರಟು ಬರುತ್ತವೆ. ಮಕ್ಕಳು ಹಳೆಯ ಗಣಿಯೊಳಗೆ ಸಿಕ್ಕಿಕೊಂಡು ತಪ್ಪಿಸಿಕೊಳ್ಳುವ ಭಾಗವಂತೂ ಓದಿದವರು ಮರೆಯುವ ಹಾಗಿಲ್ಲ. ಸುರಂಗ ಎಷ್ಟು ಇಕ್ಕಟ್ಟೆಂದರೆ ಹಾವಿನಂತೆ ಹೊಟ್ಟೆಯ ಮೇಲೆ ತೆವಳಬೇಕು, ಹಿಂದೆ ಸರಿಯುವಂತಿಲ್ಲ, ಒಂದು ಕಡೆ ಅದು ನೀರಿನಲ್ಲಿ ಮುಳುಗಿಯೇ ಇದೆ.

ಆ ಭಾಗ ಓದಿದ ರಾತ್ರಿ ಪುಟ್ಟ ದೀಪ ಆರಿಸಲು ಬಿಡಲಿಲ್ಲ. ನನಗೆ ಸಿಟ್ಟು ಬಂತು. "ಇಂಥ ಪುಸ್ತಕ ಯಾಕೆ ಕೊಡ್ತೀಯಾ? ಮೊದಲು ತೆಗೆದಿಡು" ಎಂದು ಮಗಳಿಗೆ ಹೇಳಿದೆ. ಅವಳು ತೆಗೆದಿಡಲಿಲ್ಲ. ಅವನ ಮಂಚದ ಮೇಲೆ ಕಾಲು ಚಾಚಿ ಕುಳಿತು, ಮಕ್ಕಳು ಸುರಂಗದಿಂದ ಹೊರಬಂದು ಆಕಾಶ ಕಾಣುವವರೆಗೆ ತಾನೇ ಗಟ್ಟಿಯಾಗಿ ಓದಿದಳು. ರಾತ್ರಿ ಹನ್ನೊಂದು ದಾಟಿತು. ಪುಟ್ಟ ನಿಟ್ಟುಸಿರು ಬಿಟ್ಟು ಗೋಡೆಯ ಕಡೆ ತಿರುಗಿ ನಿದ್ದೆ ಹೋದ. ಬೆಳಿಗ್ಗೆ ಎದ್ದವನೇ, "ಅಮ್ಮಮ್ಮ, ಆ ಗುಡ್ಡ ನಿಜವಾಗಿ ಇದೆ. ರೈಲಿನಲ್ಲಿ ಹೋಗಬಹುದು" ಎಂದ.

ಹೀಗೆ ಆಗಸ್ಟ್ ತಿಂಗಳ ಒಂದು ಶನಿವಾರ ನಾವು ಮೂವರು ಹೊರಟೆವು. ನಾನು ಪುಳಿಯೋಗರೆ, ಹುರಿದ ಕಡಲೆಬೀಜ ಕಟ್ಟಿಕೊಂಡೆ. ಪುಟ್ಟ ಪುಸ್ತಕ ಕಟ್ಟಿಕೊಂಡ. ಅದರಲ್ಲಿ ಗುಡ್ಡದ ನಕ್ಷೆಯಿದೆ.

ಮ್ಯಾಂಚೆಸ್ಟರಿನ ಪಿಕಡಿಲಿ ನಿಲ್ದಾಣದಿಂದ ಆಲ್ಡರ್ಲಿ ಎಡ್ಜ್‌ಗೆ ಸುಮಾರು ಅರ್ಧ ಗಂಟೆಯ ಪ್ರಯಾಣ. ದಾದರಿನಿಂದ ಠಾಣೆಗೆ ಹೋದ ಹಾಗೆ, ಕುಳಿತುಕೊಳ್ಳಲು ಜಾಗ ಸಿಕ್ಕಿತು ಎಂಬುದಷ್ಟೇ ವ್ಯತ್ಯಾಸ. ಇದು ಚೆಷೈರ್ ಸೀಮೆ. 1842ರಲ್ಲಿ ರೈಲು ಬರುವ ಮೊದಲು ಇದು ಚಾರ್ಲಿ ಎಂಬ ಸಣ್ಣ ಹಳ್ಳಿ. ಅದೇ ಹೆಸರಿನ ಇನ್ನೊಂದು ಊರು ಲ್ಯಾಂಕಷೈರಿನಲ್ಲಿ ಇದ್ದುದರಿಂದ ಗೊಂದಲ ಬೇಡವೆಂದು ರೈಲಿನವರು ಗುಡ್ಡದ ಹೆಸರನ್ನೇ ಊರಿಗೆ ಇಟ್ಟರು. ಮ್ಯಾಂಚೆಸ್ಟರಿನ ಹತ್ತಿ ವ್ಯಾಪಾರಿಗಳು ಬಂದು ದೊಡ್ಡ ದೊಡ್ಡ ಬಂಗಲೆ ಕಟ್ಟಿಸಿದರು. ಈಗ ಫುಟ್‌ಬಾಲ್ ಆಟಗಾರರಂಥ ಸಿರಿವಂತರ ಊರು ಎಂದು ಪ್ರಸಿದ್ಧಿ. ಅಂಗಡಿ ಬೀದಿಯಲ್ಲಿ ನಿಂತಿದ್ದ ಕಾರುಗಳನ್ನು ಕಂಡಾಗ, ಈ ಊರಿನಲ್ಲಿ ಪಿಶಾಚಿ ಇರುವುದುಂಟೇ ಎಂದು ನನಗೆ ನಗು ಬಂತು.

ನಿಲ್ದಾಣದಿಂದ ಗುಡ್ಡದ ಮೇಲಕ್ಕೆ ಮ್ಯಾಕಲ್ಸ್‌ಫೀಲ್ಡ್ ರಸ್ತೆಯಲ್ಲಿ ಒಂದೂವರೆ ಮೈಲಿಯಷ್ಟು ಏರು. ನನ್ನ ಮಂಡಿಗಳ ಕತೆ ಓದುಗರಿಗೆ ಹೇಳಬೇಕಾಗಿಲ್ಲ. ನಾನು ನಿಂತಾಗಲೆಲ್ಲ ಪುಟ್ಟನೂ ನಿಂತು ಒಂದಿಷ್ಟು ಕಥೆ ಹೇಳುತ್ತ ಮೇಲಕ್ಕೆ ಹತ್ತಿಸಿದ. ಅವನು ಹೇಳಿದ್ದು ಗಾರ್ನರ್ ಕಟ್ಟಿದ ಕಥೆಯಲ್ಲ, ಅದಕ್ಕೆ ಬೇರಾಗಿರುವ ಊರ ಕಥೆ.

ಮಾಬರ್ಲಿ ಎಂಬ ಹಳ್ಳಿಯ ರೈತನೊಬ್ಬ ತನ್ನ ಬಿಳಿ ಕುದುರೆಯನ್ನು ಮಾರಲೆಂದು ಮ್ಯಾಕಲ್ಸ್‌ಫೀಲ್ಡಿನ ಸಂತೆಗೆ ಈ ಗುಡ್ಡದ ದಾರಿಯಾಗಿ ಹೊರಟಿದ್ದ. ದಾರಿಯಲ್ಲಿ ಒಬ್ಬ ಮುದುಕ ಎದುರಾಗಿ, ಕುದುರೆಯನ್ನು ನನಗೆ ಕೊಡು ಎಂದ. ಸಂತೆಯಲ್ಲಿ ಹೆಚ್ಚು ಬೆಲೆ ಬಂದೀತೆಂದು ರೈತ ಒಪ್ಪಲಿಲ್ಲ. ಅಲ್ಲಿ ಅದನ್ನು ಯಾರೂ ಕೊಳ್ಳುವುದಿಲ್ಲ, ಸಂಜೆ ಇಲ್ಲಿಯೇ ಕಾಯುತ್ತಿರುತ್ತೇನೆ ಎಂದ ಮುದುಕ. ಹಾಗೆಯೇ ಆಯಿತು. ಎಲ್ಲರೂ ಹೊಗಳಿದರು, ಯಾರೂ ಕೊಳ್ಳಲಿಲ್ಲ. ಸಂಜೆ ಮುದುಕ ರೈತನನ್ನು ಕರೆದೊಯ್ದು ಒಂದು ಬಂಡೆಗೆ ಕೋಲು ಮುಟ್ಟಿಸಿದ. ಗುಡುಗಿನ ಸದ್ದಿನೊಡನೆ ಕಬ್ಬಿಣದ ಬಾಗಿಲು ತೆರೆಯಿತು. ಒಳಗೆ ವೀರರು ಮಲಗಿದ್ದಾರೆ, ಪಕ್ಕದಲ್ಲಿ ಒಂದೊಂದು ಬಿಳಿ ಕುದುರೆ, ಒಬ್ಬನ ಪಕ್ಕದಲ್ಲಿ ಮಾತ್ರ ಇಲ್ಲ. ದೇಶಕ್ಕೆ ದೊಡ್ಡ ವಿಪತ್ತು ಬಂದ ದಿನ ಅವರು ಏಳುತ್ತಾರಂತೆ. ಕುದುರೆಯ ಬೆಲೆಗೆ ಬೇಕಾದಷ್ಟು ಹೊನ್ನು ತೆಗೆದುಕೋ ಎಂದ ಮಾಂತ್ರಿಕ. ರೈತ ತುಂಬಿಕೊಂಡು ಹೊರಗೆ ಬಂದ. ಬಾಗಿಲು ಮುಚ್ಚಿತು. ಮತ್ತೆ ಯಾರಿಗೂ ಅದು ಕಾಣಲಿಲ್ಲ.

ಈ ಕಥೆ ಮೊದಲು ಅಚ್ಚಾದದ್ದು 1805ರಲ್ಲಿ, ಒಂದು ಪತ್ರಿಕೆಯಲ್ಲಿ. 1776ರಲ್ಲಿ ತೀರಿಕೊಂಡ ಅಲ್ಲಿನ ಒಬ್ಬ ಪಾದ್ರಿ ಅದನ್ನು ಹೇಳುತ್ತಿದ್ದರಂತೆ. ಗಾರ್ನರ್ ಮಾಡಿದ ಚಮತ್ಕಾರವೆಂದರೆ, ಆ ರೈತ ಹೊನ್ನಿನ ಜೊತೆಗೆ ತನಗೇ ತಿಳಿಯದೆ ಆ ಹರಳನ್ನೂ ಹೊತ್ತು ತಂದಿದ್ದ ಎಂದು ಮುಂದುವರಿಸಿದ್ದು. ಅಲ್ಲಿಂದ ಕಾದಂಬರಿ ಹುಟ್ಟಿತು.

ಗುಡ್ಡ 1948ರಿಂದ ನ್ಯಾಷನಲ್ ಟ್ರಸ್ಟಿನ ವಶದಲ್ಲಿದೆ. ಟಿಕೆಟ್ಟು ಇಲ್ಲ, ಗೇಟು ಇಲ್ಲ. ರಸ್ತೆ ಬದಿಯಲ್ಲಿ 'ವಿಜರ್ಡ್' ಎಂಬ ಹೆಸರಿನ ಹಳೆಯ ಪಾನಗೃಹ, ಪಕ್ಕದಲ್ಲಿ ಚಹಾದ ಅಂಗಡಿ. ಅಲ್ಲಿಂದ ಕಾಡಿನ ಕಾಲುದಾರಿ ಹಿಡಿದರೆ ಐದೇ ನಿಮಿಷದಲ್ಲಿ ಕಾರುಗಳ ಸದ್ದು ನಿಂತುಹೋಗುತ್ತದೆ. ಬೀಚ್ ಮತ್ತು ಪೈನ್ ಮರಗಳು, ಎದೆಯೆತ್ತರದ ಜರೀಗಿಡ, ಕಾಲಡಿಯಲ್ಲಿ ಕೆಂಪು ಮರಳುಗಲ್ಲು. ಮಳೆ ಬರುತ್ತಿತ್ತು ಎನ್ನಲಾರೆ, ಇಲ್ಲವೆಂದೂ ಹೇಳಲಾರೆ. ಇಂಗ್ಲೆಂಡಿನಲ್ಲಿ ಇದಕ್ಕೊಂದು ಮಧ್ಯದ ಸ್ಥಿತಿ ಇದೆ.

'ಸ್ಟಾರ್ಮಿ ಪಾಯಿಂಟ್' ಎಂಬಲ್ಲಿ ಮರಗಳು ಮುಗಿದು ಬೋಳು ಬಂಡೆ ಶುರುವಾಗುತ್ತದೆ. ಎದುರಿಗೆ ಬಯಲು, ದೂರದಲ್ಲಿ ನೀಲಿ ಬೆಟ್ಟಗಳು. ಬಂಡೆಯ ಮೇಲೆ ಅಲ್ಲಲ್ಲಿ ತಾಮ್ರದ ಹಸಿರು ಕಲೆ, ಹಳೆಯ ತಂಬಿಗೆಗೆ ಹುಣಿಸೆಹಣ್ಣು ಹಚ್ಚದೆ ಬಿಟ್ಟರೆ ಕಾಣುವಂಥದ್ದು. ಇಲ್ಲಿಯೇ 'ಡೆವಿಲ್ಸ್ ಗ್ರೇವ್' ಎಂದು ಕರೆಯುವ ಒಂದು ಕುಳಿ ಇದೆ, ಅಂದರೆ ಸೈತಾನನ ಗೋರಿ. ಅದರ ಸುತ್ತ ಮೂರು ಸಲ ಎಡಕ್ಕೆ ತಿರುಗಿ ಓಡಿದರೆ ಅವನು ಎದ್ದು ಬರುತ್ತಾನೆಂದು ಪುಸ್ತಕದಲ್ಲಿಯೂ ಇದೆ. ಪುಟ್ಟ ಓಡತೊಡಗಿದ. ಎರಡು ಸುತ್ತು ಆಗಿತ್ತು. ನನ್ನ ಬಾಯಿಂದ ನನಗೇ ಗೊತ್ತಿಲ್ಲದೆ, "ಮಗಾ, ಅಪ್ರದಕ್ಷಿಣೆ ಬರುಕಾಗ!" ಎಂಬ ಕೂಗು ಹೊರಟಿತು.

ಮಗಳು ತಿರುಗಿ ನೋಡಿದಳು. ಪುಟ್ಟ ನಿಂತು, "'ಬರುಕಾಗ' ಎಂದರೇನು?" ಎಂದು ಕೇಳಿದ.

ಓದುಗರಲ್ಲಿ ಕುಂದಾಪುರದ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಬರಬಾರದು ಎನ್ನುವುದಕ್ಕೆ ನಮ್ಮಲ್ಲಿ ಹಾಗೆ ಹೇಳುತ್ತಾರೆ. ನಾನು ಆ ಭಾಷೆಯಲ್ಲಿ ಮಾತಾಡಿ ಬಹಳ ವರ್ಷಗಳಾಗಿದ್ದವು. ಯಾಕೆ ಬಿಟ್ಟೆ ಎಂಬುದನ್ನು ಮುಂದೆ ಹೇಳುತ್ತೇನೆ.

ಗಣಿಗಳ ವಿಷಯ ಹೇಳದೆ ಮುಂದೆ ಹೋಗಲಾರೆ. ಈ ಗುಡ್ಡದ ಹೊಟ್ಟೆಯೆಲ್ಲ ಟೊಳ್ಳು. ತಾಮ್ರ, ಸೀಸಗಳಿಗಾಗಿ ಅಗೆದ ಸುರಂಗಗಳು ಮೈಲುಗಟ್ಟಲೆ ಹಬ್ಬಿವೆ. ದೊಡ್ಡ ಪ್ರಮಾಣದಲ್ಲಿ ಅಗೆದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಬಿಟ್ಟುಹೋದ ಗಣಿಗಳ ಒಳಗೆ ಕುತೂಹಲಕ್ಕೆಂದು ಇಳಿದು ಪ್ರಾಣ ಕಳೆದುಕೊಂಡವರಿದ್ದಾರೆ. ಈಗ ಬಾಯಿಗಳಿಗೆಲ್ಲ ಕಬ್ಬಿಣದ ಬಾಗಿಲು, ಬೀಗ. ಡರ್ಬಿಷೈರಿನ ಗವಿಶೋಧಕರ ಸಂಘದವರು ಅವನ್ನು ನೋಡಿಕೊಳ್ಳುತ್ತಾರೆ, ಗೊತ್ತಾದ ದಿನಗಳಲ್ಲಿ ಜನರನ್ನು ಒಳಗೆ ಕರೆದುಕೊಂಡು ಹೋಗಿ ತೋರಿಸುತ್ತಾರೆ. ನಾವು ಹೋದದ್ದು ಅಂಥ ದಿನವಲ್ಲ. ಪುಟ್ಟ ಬೀಗ ಹಾಕಿದ ಬಾಗಿಲಿಗೆ ಕಿವಿಯಿಟ್ಟು ಬಹಳ ಹೊತ್ತು ಕೇಳಿದ.

ಒಂದು ಮರದ ಸಲಿಕೆಯ ಕಥೆ ಇದಕ್ಕಿಂತ ವಿಚಿತ್ರ. 1875ರಲ್ಲಿ ಇಲ್ಲಿನ ಗಣಿ ಕೆಲಸದವರಿಗೆ ಹಳೆಯ ಕುಳಿಯೊಂದರಲ್ಲಿ ಓಕ್ ಮರದ ಒಂದು ಸಲಿಕೆ ಸಿಕ್ಕಿತು. ಕಾಲಕ್ರಮದಲ್ಲಿ ಅದು ಎಲ್ಲಿ ಹೋಯಿತೆಂದು ಯಾರಿಗೂ ತಿಳಿಯದಾಯಿತು. ಗಾರ್ನರ್ ಓದಿದ ಆಲ್ಡರ್ಲಿಯ ಪ್ರಾಥಮಿಕ ಶಾಲೆಯಲ್ಲಿ ಒಂದು ಸಲಿಕೆ ತೂಗುಹಾಕಿದ್ದರು. ಬೆಳೆದ ಮೇಲೆ ಹಳೆಯ ಬರಹವೊಂದರಲ್ಲಿ ಅದರ ಚಿತ್ರ ಕಂಡು, ಇದು ನಮ್ಮ ಶಾಲೆಯದೇ ಎಂದು ಅವರು 1953ರಲ್ಲಿ ಹೋಗಿ ಎತ್ತಿಕೊಂಡು ಬಂದರು. ತಿಳಿದವರಿಗೆ ತೋರಿಸಿದಾಗ ಬೆಲೆಯಿಲ್ಲದ ವಸ್ತುವೆಂದು ತಳ್ಳಿಹಾಕಿದರು. ಗಾರ್ನರ್ ಎಸೆಯಲಿಲ್ಲ, ನಾಲ್ಕು ದಶಕ ಜೋಪಾನವಾಗಿ ಇಟ್ಟುಕೊಂಡರು. 1990ರ ದಶಕದಲ್ಲಿ ಮ್ಯಾಂಚೆಸ್ಟರ್ ಮ್ಯೂಸಿಯಮ್ಮಿನವರು ಅದರ ಕಾಲವನ್ನು ವೈಜ್ಞಾನಿಕವಾಗಿ ಪರೀಕ್ಷಿಸಿದರು. ಕ್ರಿಸ್ತಪೂರ್ವ 1750ರ ಸುಮಾರು! ಅಂದರೆ ಮೂರೂವರೆ ಸಾವಿರ ವರ್ಷಕ್ಕೂ ಹಿಂದೆ, ಕಂಚಿನ ಯುಗದಲ್ಲಿಯೇ ಇಲ್ಲಿ ತಾಮ್ರ ಅಗೆಯುತ್ತಿದ್ದರು. ಗುಡ್ಡದೊಳಗೆ ಯಾರೋ ಇದ್ದಾರೆ ಎಂದು ಊರವರು ಹೇಳುತ್ತಿದ್ದ ಮಾತಿನ ತಳದಲ್ಲಿ ಇಷ್ಟು ಹಳೆಯ ನೆನಪು ಇದ್ದಿರಬಹುದೇ ಎಂದು ನನಗೆ ಅನಿಸಿತು.

ಕ್ಯಾಸಲ್ ರಾಕ್ ಎಂಬ ಬಂಡೆಯ ಕೆಳಗಿನ ದಾರಿಯಲ್ಲಿ ಮಾಂತ್ರಿಕನ ಬಾವಿ ಇದೆ. ಬಾವಿ ಎಂದರೆ ನಮ್ಮ ಹಾಗೆ ರಾಟೆ ಹಗ್ಗದ ಬಾವಿಯಲ್ಲ. ಬಂಡೆಯಿಂದ ನೀರು ತೊಟ್ಟಿಕ್ಕಿ ಒಂದು ಕಲ್ಲಿನ ಮರಿಗೆಗೆ ಬೀಳುತ್ತದೆ, ಅಷ್ಟೇ. ಮೇಲೆ ಬಂಡೆಯಲ್ಲಿ ಗಡ್ಡದ ಮುದುಕನ ಮುಖ ಕೆತ್ತಿದೆ. ಮಾಂತ್ರಿಕನ ಇಚ್ಛೆಯಿಂದ ಬೀಳುವ ಈ ನೀರನ್ನು ಬೇಕಾದಷ್ಟು ಕುಡಿಯಿರಿ ಎಂಬ ಅರ್ಥದ ಬರಹ ಇದೆ. ಗಾಳಿಮಳೆಗೆ ಸವೆದು ಕಣ್ಣುಮೂಗು ಮಸುಕಾಗಿದೆ. ಆ ಮುಖ ಕೆತ್ತಿದವರು ರಾಬರ್ಟ್ ಗಾರ್ನರ್ ಎಂಬ ಕಲ್ಲುಕುಟಿಗರು, ನಮ್ಮ ಲೇಖಕರ ಮುತ್ತಜ್ಜನ ತಂದೆ.

ಅಲ್ಲಿ ಒಂದು ಕಲ್ಲಿನ ಮೇಲೆ ಕುಳಿತು ಪುಳಿಯೋಗರೆ ಬಿಚ್ಚಿದೆವು. ಮಗಳು ಗಾರ್ನರ್ ವಿಷಯ ಹೇಳತೊಡಗಿದಳು. ಮಗನಿಗೆ ಓದಿ ಹೇಳಲೆಂದು ಅವಳು ಅವರ ಬಗ್ಗೆಯೂ ಓದಿಕೊಂಡಿದ್ದಾಳೆ. ಅವರು ಹುಟ್ಟಿದ್ದು 1934ರಲ್ಲಿ. ಮನೆತನಕ್ಕೆ ತಲೆಮಾರುಗಳಿಂದ ಇದೇ ಗುಡ್ಡದ ಸೆರಗಿನಲ್ಲಿ ಕಲ್ಲು, ಕಬ್ಬಿಣದ ಕೆಲಸ. ಗುಡ್ಡದ ಕಥೆಯನ್ನು ಹೇಳಿಕೊಟ್ಟದ್ದು ಕಮ್ಮಾರರಾಗಿದ್ದ ಅಜ್ಜ ಜೋಸೆಫ್. ಬಾಲ್ಯದಲ್ಲಿ ಡಿಫ್ತೀರಿಯಾ, ಮೆದುಳಿನ ಪೊರೆಯ ಜ್ವರ, ನ್ಯುಮೋನಿಯಾ ಎಂದು ಒಂದಾದ ಮೇಲೊಂದು ಬಂದು, ಹುಡುಗ ತಿಂಗಳುಗಟ್ಟಲೆ ಮಲಗಿಯೇ ಇದ್ದ. ಇವನು ಉಳಿಯುವುದಿಲ್ಲ ಎಂದು ಹೇಳಿದ್ದು ಅವನ ಕಿವಿಗೇ ಬಿದ್ದಿತ್ತಂತೆ. ಮಲಗಿದಲ್ಲಿಂದ ಮಾಡಿನ ಗಾರೆಯ ಉಬ್ಬುತಗ್ಗುಗಳಲ್ಲಿ ಕಾಡು, ಗುಡ್ಡ, ದಾರಿಗಳನ್ನು ಕಾಣುತ್ತಿದ್ದ. ಬದುಕಿಕೊಂಡ. ಶಾಲೆಗೆ ಹೋದ. ಅಲ್ಲಿ ಮನೆಯ ಭಾಷೆಯಾದ ಚೆಷೈರಿನ ಹಳ್ಳಿ ಇಂಗ್ಲಿಷಿನಲ್ಲಿ ಮಾತಾಡಿದ್ದಕ್ಕೆ ಟೀಚರು ಬಾಯಿಯನ್ನು ಸೋಪಿನ ನೀರಿನಿಂದ ತೊಳೆದರಂತೆ.

"ಆಮೇಲೆ ಆಕ್ಸ್‌ಫರ್ಡಿಗೆ ಹೋದರಮ್ಮ," ಎಂದಳು ಮಗಳು. "ಅದನ್ನೂ ಮುಗಿಸದೆ ವಾಪಸ್ಸು ಬಂದು ಇಲ್ಲೇ ಹತ್ತಿರ ಹಳೆಯ ಮನೆ ಕೊಂಡು ಬರೆಯೋಕೆ ಕೂತರು. ಅದಕ್ಕೇ ಪುಸ್ತಕದಲ್ಲಿ ಗೌದರ್ ಆ ಭಾಷೆಯಲ್ಲೇ ಮಾತಾಡ್ತಾನೆ. ಪುಟ್ಟನಿಗೆ ಓದಿ ಹೇಳುವಾಗ ನನಗೆ ನಾಲಿಗೆ ತಿರುಗೋದೇ ಇಲ್ಲ."

ಆ ಮಾತು ಕೇಳಿ ನಾನು ಸುಮ್ಮನಾದೆ. ಮಗಳೂ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಬಳಿಕ ನಗುತ್ತಲೇ ಕೇಳಿದಳು: "ಅಮ್ಮ, ಅಮ್ಮಮ್ಮ ನಮಗೆ ಮದಗದ ಕಥೆ ಹೇಳ್ತಿದ್ರಲ್ಲ, ಪಾತ್ರೆ ಬರೋದು. ಅದರ ಕೊನೆ ಏನು? ಯಾರೋ ಬಾಗಿಲು ಬಡಿದರು, ಅಲ್ಲಿಗೇ ನಿಂತುಹೋಯ್ತು."

ಇನ್ನು ನನ್ನ ತಪ್ಪನ್ನು ಬರೆಯಬೇಕು. ನಮ್ಮ ತಾಯಿ ಮುಂಬಯಿಗೆ ಬಂದು ನಮ್ಮ ಮನೆಯಲ್ಲಿ ಮೂರು ತಿಂಗಳು ಇದ್ದರು. ಮಗಳನ್ನು ಆಗಷ್ಟೇ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಸೇರಿಸಿದ್ದೆ. ಮದುವೆಯಾಗಿ ಬಂದ ಹೊಸತರಲ್ಲಿ ನನ್ನ 'ಹೋಪುದು ಬಪ್ಪುದು' ಕೇಳಿ ನೆರೆಯ ಕನ್ನಡದವರೇ ನಗುತ್ತಿದ್ದರು. ಒಂದು ವರ್ಷದೊಳಗೆ ಪುಸ್ತಕದ ಕನ್ನಡ ಕಲಿತು ಊರಿನ ಮಾತನ್ನು ಊರಿನಲ್ಲಿಯೇ ಬಿಟ್ಟುಬಿಟ್ಟೆ. ಅಮ್ಮನಿಗೆ ಬೇರೆ ಭಾಷೆ ಬರುತ್ತಿರಲಿಲ್ಲ. ರಾತ್ರಿ ಮೊಮ್ಮಗಳನ್ನು ಪಕ್ಕದಲ್ಲಿ ಮಲಗಿಸಿಕೊಂಡು ಕಥೆ ಹೇಳುತ್ತಿದ್ದರು.

ನಮ್ಮ ತವರಿನ ಹಾಡಿಯಲ್ಲಿ ಒಂದು ಮದಗ ಇದೆ. ಹಿಂದಿನ ಕಾಲದಲ್ಲಿ ಮನೆಯಲ್ಲಿ ಮದುವೆಯೋ ಮುಂಜಿಯೋ ಇದ್ದರೆ ಹಿಂದಿನ ಸಂಜೆ ಮದಗದ ದಡದಲ್ಲಿ ಎಲೆ ಅಡಿಕೆ ಇಟ್ಟು, ಇಷ್ಟು ಕೊಪ್ಪರಿಗೆ, ಇಷ್ಟು ಹಂಡೆ, ಇಷ್ಟು ಸೌಟು ಬೇಕು ಎಂದು ಹೇಳಿ ಹಿಂತಿರುಗಿ ನೋಡದೆ ಬರಬೇಕಂತೆ. ಬೆಳಿಗ್ಗೆ ಹೊಳೆಯುವ ಪಾತ್ರೆಗಳು ಮೆಟ್ಟಿಲ ಮೇಲೆ ಇರುತ್ತಿದ್ದವು. ಕೆಲಸ ಮುಗಿದ ಮೇಲೆ ತೊಳೆದು ಅಲ್ಲಿಯೇ ಇಡಬೇಕು. ಒಂದು ಸಲ ಒಬ್ಬಾಕೆ ಆಸೆಗೆ ಒಂದು ಸೌಟನ್ನು ಅಡಗಿಸಿಟ್ಟುಕೊಂಡಳು. ಆ ರಾತ್ರಿ ಬಾಗಿಲು ಬಡಿದ ಸದ್ದಾಯಿತು...

ನಾನು ಅಡುಗೆಮನೆಯಿಂದ ಬಂದದ್ದು ಅಷ್ಟು ಹೊತ್ತಿಗೇ. ಮಗಳು ಮುಸುಕು ಹೊದ್ದು ಅಜ್ಜಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. "ಅಮ್ಮ, ಸಾಕು. ಮಕ್ಕಳಿಗೆ ಭೂತ ಪಿಶಾಚಿ ಕಥೆ ಬೇಡ. ಮತ್ತೆ ಅವಳ ಹತ್ತಿರ ಈ ಭಾಷೆ ಬೇಡ, ಶಾಲೆಯಲ್ಲಿ ಬಾಯಿಗೆ ಬರುತ್ತೆ" ಎಂದೆ. ಗಟ್ಟಿಯಾಗಿಯೂ ಹೇಳಲಿಲ್ಲ, ಕೋಪದಲ್ಲಿಯೂ ಹೇಳಲಿಲ್ಲ. ಅಮ್ಮ "ಆಯ್ತ್" ಎಂದರು. ಉಳಿದ ದಿನಗಳಲ್ಲಿ ಮೊಮ್ಮಗಳ ತಲೆ ಬಾಚುತ್ತಿದ್ದರು, ಜಡೆ ಹೆಣೆಯುತ್ತಿದ್ದರು, ಕಥೆ ಹೇಳಲಿಲ್ಲ. ಈಗ ಅಮ್ಮ ಇಲ್ಲ. ನಾನು ಸೋಪು ಹಿಡಿದಿರಲಿಲ್ಲ, ಅಷ್ಟೇ.

ಮಗಳು ಅಂದು ಹೆದರಿ ರಾತ್ರಿಯಿಡೀ ನಿದ್ದೆ ಮಾಡಲಿಲ್ಲ. ನಾನು ಕಥೆಯದೇ ತಪ್ಪು ಎಂದುಕೊಂಡಿದ್ದೆ. ಪುಟ್ಟನ ಮಂಚದ ಮೇಲೆ ಕುಳಿತು ಮಗಳು ಹನ್ನೊಂದು ಗಂಟೆಯವರೆಗೆ ಓದಿದ್ದನ್ನು ನೋಡಿದ ಮೇಲೆ ನನಗೆ ಬೇರೆಯದೇ ತೋಚಿತು. ಅವಳನ್ನು ಹೆದರಿಸಿದ್ದು ಕಥೆಯಲ್ಲ, ಬಾಗಿಲು ಬಡಿದವರು ಯಾರೆಂದು ಹೇಳದೆ ನಿಲ್ಲಿಸಿದ್ದು. ಸುರಂಗದ ಮಧ್ಯದಲ್ಲಿ ಮಗುವನ್ನು ಬಿಟ್ಟು ಬಂದವಳು ನಾನೇ.

"ಕೊನೆ ನನಗೂ ನೆನಪಿಲ್ಲ" ಎಂದೆ. ಅದು ನಿಜವಾಗಿತ್ತು. ಚಿಕ್ಕವಳಿದ್ದಾಗ ಎಷ್ಟೋ ಸಲ ಕೇಳಿದ್ದ ಕಥೆ, ಬಾಗಿಲು ಬಡಿಯುವಲ್ಲಿಗೆ ಬಂದು ನನಗೂ ನಿಂತುಹೋಗಿತ್ತು. ಪುಟ್ಟ ಪುಳಿಯೋಗರೆಯ ಕೈಯಲ್ಲಿಯೇ ಮಾಂತ್ರಿಕನ ಮರಿಗೆಯ ನೀರು ಮುಟ್ಟುತ್ತ, "ಹಾಗಾದರೆ ಯಾರಿಗೆ ಗೊತ್ತು?" ಎಂದು ಕೇಳಿದ.

ಹಿಂತಿರುಗುವಾಗ ರೈಲಿನಲ್ಲಿ ಮಗಳು ಇನ್ನೊಂದು ಸಂಗತಿ ಹೇಳಿದಳು. ಕಾಲಿನ್, ಸೂಸನ್‌ರ ಕಥೆಯ ಎರಡನೆಯ ಪುಸ್ತಕ 'ದಿ ಮೂನ್ ಆಫ್ ಗಾಮ್ರತ್' ಬಂದದ್ದು 1963ರಲ್ಲಿ. ಮೂರನೆಯದು ಬಂದದ್ದು 2012ರಲ್ಲಿ! ಅದರಲ್ಲಿ ಕಾಲಿನ್ ನಡುವಯಸ್ಸಿನ ವಿಜ್ಞಾನಿ. ಬಾಲ್ಯದ ನೆನಪೇ ಅಳಿಸಿಹೋಗಿ, ತಂಗಿಯನ್ನು ನಕ್ಷತ್ರಗಳಲ್ಲಿ ಹುಡುಕುತ್ತಿದ್ದಾನೆ. ಮೊದಲಿನ ಪುಸ್ತಕ ಓದಿದ ಮಕ್ಕಳಿಗೆ ಅಷ್ಟು ಹೊತ್ತಿಗೆ ಮೊಮ್ಮಕ್ಕಳಾಗಿದ್ದಿರಬಹುದು. ಅವರು ಅಲ್ಲಿಗೂ ನಿಲ್ಲಿಸಲಿಲ್ಲ. 'ಟ್ರೀಕಲ್ ವಾಕರ್' ಎಂಬ ಪುಟ್ಟ ಕಾದಂಬರಿ 2022ರಲ್ಲಿ ಬೂಕರ್ ಪ್ರಶಸ್ತಿಯ ಕೊನೆಯ ಸುತ್ತಿನ ಪಟ್ಟಿಗೆ ಬಂದಾಗ ಅವರಿಗೆ 87 ವರ್ಷ. ಒಂದು ಕಥೆಯ ಕೊನೆ ಹೇಳಲು ನಲವತ್ತೊಂಬತ್ತು ವರ್ಷ ತೆಗೆದುಕೊಳ್ಳಬಹುದಾದರೆ ನನ್ನದೇನೂ ತಡವಾಗಿಲ್ಲ ಎಂದು ಕಿಟಕಿಯ ಹೊರಗೆ ನೋಡುತ್ತ ಲೆಕ್ಕ ಹಾಕಿದೆ.

ಮುಂಬಯಿಗೆ ಬಂದ ವಾರವೇ ಊರಿನಲ್ಲಿರುವ ಸೋದರಮಾವನಿಗೆ ಫೋನು ಮಾಡಿದೆ. ಅವರಿಗೆ ಎಂಬತ್ತು ದಾಟಿದೆ. ಕಿವಿ ಮಂದ, ನೆನಪು ಚುರುಕು. "ಮಾವಯ್ಯ, ಮದಗದ ಸೌಟಿನ ಕಥೆಯಲ್ಲಿ ರಾತ್ರಿ ಬಾಗಿಲು ಬಡಿದದ್ದು ಯಾರು?" ಎಂದು ಕೇಳಿದೆ. ನಾನು ಏನೋ ಜಮೀನಿನ ವಿಷಯ ಮಾತಾಡುತ್ತೇನೆಂದು ತಿಳಿದಿದ್ದ ಅವರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಜೋರಾಗಿ ನಕ್ಕರು, ಬಳಿಕ ನಿಧಾನವಾಗಿ ಹೇಳಿದರು. ಬಾಗಿಲು ತೆರೆದರೆ ಒದ್ದೆ ಸೀರೆಯ ಒಬ್ಬ ಹೆಂಗಸು ನಿಂತಿದ್ದಳಂತೆ. ಹೆದರಿಸಲಿಲ್ಲ, ಶಪಿಸಲಿಲ್ಲ. "ನಾಳೆ ನಮ್ಮಲ್ಲೂ ಮದಿ ಇತ್ತ್. ಸೌಟೊಂದು ಕಡಿಮೆ ಬತ್ತ್" ಎಂದಳಂತೆ. ಮನೆಯಾಕೆ, ನನ್ನಲ್ಲಿಲ್ಲ ಎಂದಳು. ಬಂದಾಕೆ ಸುಮ್ಮನೆ ತಿರುಗಿ ಹೋದಳು. ಅಂದಿನಿಂದ ಪಾತ್ರೆ ಬರುವುದು ನಿಂತಿತು.

ಮುಂದಿನ ಭಾನುವಾರ ಫೋನಿನಲ್ಲಿ ಪುಟ್ಟನ ಮುಖ ನೋಡುತ್ತ ಅದನ್ನು ಹೇಳಿದೆ. ಕುಂದಾಪುರದ ಕನ್ನಡದಲ್ಲಿಯೇ ಹೇಳಬೇಕೆಂದು ಹಠ ಮಾಡಿದವನು ಅವನು. 'ಮದಿ' ಎಂದರೆ ಮದುವೆ, 'ಹಾಡಿ' ಎಂದರೆ ಮನೆಯ ಹಿಂದಿನ ಕಾಡು, 'ಮದಗ' ಎಂದರೆ ಕೆರೆ ಎಂದು ಪ್ರತಿ ಶಬ್ದಕ್ಕೂ ನಿಲ್ಲಿಸಿ ಕೇಳಿದ್ದರಿಂದ ಐದು ನಿಮಿಷದ ಕಥೆಗೆ ಮುಕ್ಕಾಲು ಗಂಟೆ ಹಿಡಿಯಿತು. ನನ್ನ ನಾಲಿಗೆಯೂ ಎಷ್ಟೋ ಕಡೆ ತಡವರಿಸಿತು. ಮಗಳು ಹಿಂದೆ ನಿಂತು ಪಾತ್ರೆ ತೊಳೆಯುತ್ತಿದ್ದಳು. ಬಾಗಿಲು ಬಡಿಯುವಲ್ಲಿಗೆ ಬಂದಾಗ ನಲ್ಲಿ ನಿಲ್ಲಿಸಿದಳು. ಕಥೆ ಮುಗಿದ ಮೇಲೆ "ಅಷ್ಟೇನಾ! ಪಾಪ, ಅವರ ಮನೆಯಲ್ಲೂ ಮದುವೆ" ಎಂದು ಮೆಲ್ಲನೆ ಹೇಳಿದಳು.

ಪುಟ್ಟನ ಪ್ರಶ್ನೆ ಬೇರೆ. "ಆ ಸೌಟು ಈಗ ಯಾರ ಮನೆಯಲ್ಲಿದೆ?"

ಮಾವಯ್ಯನನ್ನು ಅದನ್ನೂ ಕೇಳಿದೆ. ಆ ಮನೆ ಯಾವುದೆಂದು ತನಗೆ ಗೊತ್ತು, ಫೋನಿನಲ್ಲಿ ಹೇಳುವ ಮಾತಲ್ಲ ಎಂದರು. ಡಿಸೆಂಬರಿನಲ್ಲಿ ಮಗಳ ಸಂಸಾರ ಬರುತ್ತಿದೆ. ಪ್ರತಿ ಸಲ ಮುಂಬಯಿ, ಬೆಂಗಳೂರು ಎಂದು ರಜೆ ಮುಗಿಯುತ್ತಿತ್ತು, ಈ ಸಲ ಮೊದಲು ಕುಂದಾಪುರ ಎಂದು ಪುಟ್ಟ ತೀರ್ಮಾನಿಸಿದ್ದಾನೆ. ಮದಗದ ನಕ್ಷೆ ಬರೆದು ಕಳಿಸು ಎಂದು ನನಗೆ ಅಪ್ಪಣೆಯಾಗಿದೆ. ಎಲ್ಲಿ ಅಡಿಕೆಮರ, ಎಲ್ಲಿ ಮೆಟ್ಟಿಲು ಎಂದು ನೆನಪು ಮಾಡಿಕೊಂಡು ಬರೆಯುತ್ತಿದ್ದೇನೆ.

ಮ್ಯಾಂಚೆಸ್ಟರಿಗೆ ಹೋಗುವ ನಮ್ಮವರಿಗೆ ಕೊನೆಯದಾಗಿ ಎರಡು ಮಾತು. ಆಲ್ಡರ್ಲಿಗೆ ಒಂದು ದಿನ ಬಿಡುವು ಮಾಡಿಕೊಳ್ಳಿ. ಚಪ್ಪಲಿ ಬೇಡ, ಹಿಡಿತವಿರುವ ಷೂ ಹಾಕಿಕೊಳ್ಳಿ, ಬಂಡೆ ಜಾರುತ್ತದೆ. ಗುರುತು ಮಾಡಿದ ದಾರಿ ಬಿಡಬೇಡಿ, ಗಣಿಯ ಬಾಯಿಗಳ ಹತ್ತಿರ ಮಕ್ಕಳ ಕೈ ಹಿಡಿದುಕೊಳ್ಳಿ. ಹೋಗುವ ಮೊದಲು ಮೊಮ್ಮಕ್ಕಳ ಜೊತೆ ಆ ಪುಸ್ತಕ ಓದಿ. ಹೆದರಿದರೆ ಮುಚ್ಚಿಡಬೇಡಿ, ಕೊನೆಯವರೆಗೆ ಓದಿ. ಬಂದ ಮೇಲೆ ನಿಮ್ಮ ಊರಿನ ಹಾಡಿಯಲ್ಲಿ ಏನಿತ್ತು ಎಂದು ಅವರು ಖಂಡಿತ ಕೇಳುತ್ತಾರೆ. ಬಲ್ಲ ಹಿರಿಯರು ಇರುವಾಗಲೇ ಒಂದು ಫೋನು ಮಾಡಿ ಕೇಳಿಟ್ಟುಕೊಳ್ಳಿ.

ಮದಗದಲ್ಲಿ ಈಗಲೂ ನೀರಿದೆಯೇ ಎಂದು ಮಾವಯ್ಯನನ್ನು ಕೇಳಿದೆ. ಮೇ ತಿಂಗಳಿನಲ್ಲಿಯೂ ಬತ್ತುವುದಿಲ್ಲವಂತೆ.